ಹೊಳೆಯಾಚೆ ಮನೆ, ಡೋರ್ ನಂಬರ್ ಇಲ್ಲ

ನಮ್ಮ ದೊಡ್ಡಮ್ಮಂಗೆ ಪಾಸ್‌ಪೋರ್ಟ್ ಬೇಕಾಯ್ತು. ಮಗಳು ಅಮೆರಿಕಾದಲ್ಲಿ ಬಸುರಿ, ಬಾಣಂತನಕ್ಕೆ ಅಮ್ಮನೇ ಬೇಕು, ಅಲ್ಲಿ ಎಣ್ಣೆ ಹಚ್ಚಿ ಬಿಸಿನೀರು ಹಾಕೋಕೆ ಇನ್ಯಾರಿದಾರೆ ಹೇಳಿ. ಮೂರನೇ ತಿಂಗಳಲ್ಲೇ ಫೋನ್ ಬಂತು. ದೊಡ್ಡಮ್ಮ ಅದೇ ವಾರ ಮೆಂತೆ ಹುರಿದು, ಬೆಲ್ಲ ತುಪ್ಪ ಕಾಯಿಸಿ ಬಾಣಂತಿ ಲೇಹ್ಯ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ್ಲು. ಅವಳ ಕಡೆ ತಯಾರಿ ಅಷ್ಟೇ, ಮುಗೀತು. ಸರ್ಕಾರದ ಕಡೆಯಿಂದ ಬಾಕಿ ಇದ್ದಿದ್ದು ಒಂದೇ, ದೊಡ್ಡಮ್ಮ ಅನ್ನೋ ಜೀವ ಒಂದು ಭೂಮಿ ಮೇಲೆ ಇದೆ ಅಂತ ಒಪ್ಕೊಳ್ಳೋದು.

ಹೆಸರು ಸಾವಿತ್ರಮ್ಮ ಅಂತಲೇ ಇಟ್ಕೊಳ್ಳಿ. ಆಧಾರ್‌ನಲ್ಲಿ ಇಂಗ್ಲಿಷಲ್ಲಿ ಬರೆಯೋವಾಗ ‘ಟಿ’ ಆದ್ಮೇಲೆ ಒಂದು ‘ಎಚ್’ ಹಾಕಿದಾರೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಆ ‘ಎಚ್’ ಇಲ್ಲ, ವೋಟರ್ ಐಡೀಲಿ ‘ಎಚ್’ ಇದೆ ಆದ್ರೆ ಒಂದು ‘ಎಂ’ ಉದುರಿ ಹೋಗಿದೆ, ಪಹಣೀಲಿ ‘ಸಾವಿತ್ರಮ್ಮ ಕೋಂ’ ಅಂತ ಶುರುವಾಗಿ ದೊಡ್ಡಪ್ಪನ ಹೆಸರಲ್ಲಿ ಮುಗಿಯುತ್ತೆ. ಇದ್ಯಾವುದೂ ದೊಡ್ಡಮ್ಮ ಬರೆದಿದ್ದಲ್ಲ. ಒಬ್ಬೊಬ್ಬ ನೌಕರ ಬಂದಾಗ್ಲೂ ಅವನಿಗೆ ತೋಚಿದ ಹಾಗೆ ಬರ್ಕೊಂಡು ಹೋದ, ಈಗ ಅದೆಲ್ಲ ಯಾಕೆ ತಾಳೆ ಆಗ್ತಿಲ್ಲ ಅಂತ ಅವಳನ್ನೇ ಕೇಳ್ತಾರೆ.

ಆಮೇಲೆ ಸರ್‌ನೇಮ್. ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಪ್ರಧಾನಿ ಆಗಿದ್ದೋರ ಹೆಸರೇ ತಗೊಳ್ಳಿ, ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಊರು, ಅಪ್ಪ, ತಾನು. ಇದ್ರಲ್ಲಿ ಸರ್‌ನೇಮ್ ಯಾವ್ದು ಹೇಳಿ ನೋಡೋಣ? ನಮ್ಮ ದೊಡ್ಡಮ್ಮಂಗಂತೂ ಅಷ್ಟೂ ಇಲ್ಲ. ಸೈಬರ್ ಸೆಂಟರ್ ಹುಡುಗ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, “ಅಣ್ಣಾ, ಸಾವಿತ್ರ ಅಂತ ಹೆಸರು, ಅಮ್ಮ ಅಂತ ಸರ್‌ನೇಮ್ ಹಾಕ್ಲಾ” ಅಂದ. ಹಂಗಾದ್ರೆ ನಮ್ಮೂರಿನ ಹೆಂಗಸರೆಲ್ಲ ಒಂದೇ ಮನೆತನ ಆಗ್ಬಿಡ್ತಾರೆ ಮಾರಾಯ ಅಂತ ಖಾಲಿ ಬಿಡಿಸ್ದೆ. ಬಿಟ್ಟಿದ್ದಕ್ಕೂ ದಂಡ ಇದೆ ಅಂತ ಆಮೇಲೆ ಗೊತ್ತಾಯ್ತು. ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದ್ದೋರು ವಿಸಿಟ್ ವೀಸಾದಲ್ಲಿ ಬರೋ ಹಾಗಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ಹೇಳಿತ್ತು, ಅಪ್ಪನ ಹೆಸರು ಒಳಗಿನ ಪುಟದಲ್ಲಿದ್ರೆ ಪರವಾಗಿಲ್ಲ ಅಂತ ಆಮೇಲೆ ಸ್ವಲ್ಪ ಸಡಿಲ ಮಾಡಿದ್ರು. ಅಮೆರಿಕಾದೋರು ಇನ್ನೂ ಚೆಂದ, ಇರೋ ಒಂದು ಹೆಸರನ್ನ ಸರ್‌ನೇಮ್ ಮಾಡಿ ಅದರ ಮುಂದೆ ‘ಎಫ್‌ಎನ್‌ಯು’ ಅಂತ ಹಾಕ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅರವತ್ತು ದಾಟಿದ ಮೇಲೆ ದೊಡ್ಡಮ್ಮಂಗೆ ಇಂಗ್ಲಿಷಲ್ಲೊಂದು ನಾಮಕರಣ.

ಇನ್ನು ಹುಟ್ಟಿದ ದಿನ. ಆಧಾರ್‌ನಲ್ಲಿ ಬರೀ ಇಸವಿ ಇದೆ, 1963. ತಾರೀಕು ಇಲ್ಲ. ಪಾಸ್‌ಪೋರ್ಟಿಗೆ ತಾರೀಕು ಬೇಕು. ಸರಿ ಆಧಾರ್ ತಿದ್ದಿಸೋಣ ಅಂತ ಹೋದ್ರೆ ಅಲ್ಲಿ ಹುಟ್ಟಿದ ದಿನಕ್ಕೆ ಪುರಾವೆ ತನ್ನಿ ಅಂದ್ರು, ಯಾವ್ಯಾವ ಪುರಾವೆ ನಡೆಯುತ್ತೆ ಅಂತ ಪಟ್ಟಿ ನೋಡಿದ್ರೆ ಅದ್ರಲ್ಲಿ ಪಾಸ್‌ಪೋರ್ಟೂ ಇದೆ! ದೊಡ್ಡಮ್ಮನ್ನ ಕೇಳಿದ್ರೆ “ಸಾಗರದ ಮಾರಿಜಾತ್ರೆ ಆದ ವರ್ಷ ಕಣೋ, ನಮ್ಮನೆ ಕೆಂದ ಹಸು ಕರು ಹಾಕಿದ ಮಾರನೇ ದಿನ” ಅಂದ್ಲು. ಆ ಜಾತ್ರೆ ನಡೆಯೋದು ಮೂರು ವರ್ಷಕ್ಕೊಂದ್ಸಲ, ಅಂದ್ರೆ ಇಸವಿ ಹತ್ರ ಹತ್ರ ಹಿಡೀಬಹುದು, ಆದ್ರೆ ಆನ್‌ಲೈನ್ ಫಾರಂನಲ್ಲಿ ಹಸುವಿಗೆ ಕಾಲಂ ಇಲ್ಲ.

ಕೊನೆಗೆ ನಾಲ್ಕನೇ ಕ್ಲಾಸಿನ ಟಿಸಿ ಹುಡುಕಿ ತಂದ್ವಿ. ಜನ್ಮದಿನಾಂಕ 1-6-1961. ನೀವು ನಗ್ತಿದೀರಿ ಅಂತ ಗೊತ್ತು, ಯಾಕಂದ್ರೆ ನಿಮ್ಮ ಅಪ್ಪಂದೂ ಜೂನ್ ಒಂದೇ. ಶಾಲೆ ಶುರುವಾಗೋ ದಿನಕ್ಕೆ ಸರಿಯಾಗಿ ಮಕ್ಕಳ ವಯಸ್ಸು ಕೂಡಿಸಿ ಕಳೆದು ಹೆಡ್ಮಾಸ್ಟ್ರು ಬರೆದಿದ್ದು. ಹಂಗಾಗಿ ಕರ್ನಾಟಕದ ಹಳ್ಳಿಗಳಲ್ಲಿ ಒಂದು ತಲೆಮಾರಿಗೆ ತಲೆಮಾರೇ ಜೂನ್ ಒಂದಕ್ಕೆ ಹುಟ್ಟಿದೆ. ಈ ಟಿಸೀಲಿ ಇನ್ನೊಂದು ತಮಾಷೆ, ಹೆಸರು ಸರಸ್ವತಿ! ಮದುವೇಲಿ ಅಕ್ಕಿ ಮೇಲೆ ಉಂಗುರದಲ್ಲಿ ಬರೆದು ಹೆಸರು ಬದಲಾಯಿಸಿದ್ರಂತೆ. ಆ ಅಕ್ಕಿ ಎಲ್ಲಿದೆ ಈಗ, ಆವತ್ತೇ ಅನ್ನ ಆಗಿರುತ್ತೆ. ಹಂಗಾಗಿ ಅಫಿಡವಿಟ್ಟು, ಎರಡು ಪತ್ರಿಕೇಲಿ ಜಾಹೀರಾತು, ‘ಸರಸ್ವತಿಯಾದ ನಾನು ಇನ್ನು ಮುಂದೆ ಸಾವಿತ್ರಮ್ಮ’ ಅಂತ. ಪೇಪರ್ ನೋಡಿ ಊರೋರೆಲ್ಲ ಫೋನ್ ಮಾಡಿದ್ರು, “ಏನ್ ದೊಡ್ಡಮ್ಮ, ಈ ವಯಸ್ಸಲ್ಲಿ ಜ್ಯೋತಿಷಿ ಏನಾದ್ರೂ ಹೇಳಿದ್ನಾ?”

ಫಾರಂನಲ್ಲಿ ಉದ್ಯೋಗ ಅಂತ ಒಂದು ಕಡೆ ಇದೆ. ಎರಡು ಹಸು, ಒಂದೆಕರೆ ತೋಟ, ಸುಗ್ಗೀಲಿ ಹತ್ತಾಳಿಗೆ ಅಡುಗೆ ಮಾಡೋಳಿಗೆ ಅಲ್ಲಿ ಸಿಕ್ಕಿದ್ದು ಹೋಮ್‌ಮೇಕರ್. ಓದು ಏಳನೇ ಕ್ಲಾಸಿಗಿಂತ ಕಮ್ಮಿ. ಪುಣ್ಯಕ್ಕೆ ಐವತ್ತು ದಾಟಿದೆ, ಇಲ್ಲಾಂದ್ರೆ ಹತ್ತನೇ ಕ್ಲಾಸ್ ಪಾಸಾಗದೋರಿಗೆ ಇಸಿಆರ್ ಅಂತ, ಅಂದ್ರೆ ಕೆಲವು ದೇಶಕ್ಕೆ ಕೆಲಸಕ್ಕೆ ಹೋಗೋ ಮುಂಚೆ ಸರ್ಕಾರದ ಒಪ್ಪಿಗೆ ಬೇಕು ಅಂತ, ಬೀಳ್ತಿತ್ತು. ಅಂಥೋರಿಗೆಲ್ಲ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡ್ತೀವಿ ಅಂತ 2018ರ ಜನವರೀಲಿ ಹೊರಟಿದ್ರು, ದೂರದಿಂದ್ಲೇ ಗೊತ್ತಾಗ್ಲಿ ಅಂತಿರಬೇಕು, ಜನ ಉಗಿದ ಮೇಲೆ ಅದೇ ತಿಂಗಳ ಕೊನೆಗೆ ಕೈಬಿಟ್ರು.

ಮನೆ ನಂಬರ್ ಮತ್ತು ಬೀದಿ ಹೆಸರು ಕೇಳ್ತು. ಮನೆ ಹೆಸರು ಹೊಳೆಯಾಚೆ ಮನೆ. ಬೀದಿ ಅಂದ್ರೆ ತೋಟದ ಅಂಚಿನ ಕಾಲುದಾರಿ, ಮಳೆಗಾಲದಲ್ಲಿ ಅದೂ ಹೊಳೇನೇ. ನಾನು ಹಂಗೇ ಟೈಪ್ ಮಾಡ್ಸಿದೆ.

ಫೀಸು 1500, ಅರವತ್ತು ದಾಟಿದೋರಿಗೆ ಹತ್ತು ಪರ್ಸೆಂಟ್ ಡಿಸ್ಕೌಂಟು, 1350. ಉಳಿದ 150 ರೂಪಾಯಿ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತೋಕೆ ಮುಂಚೆ ಜೀಪಿಗೇ ಹೋಯ್ತು. ನ್ಯಾಯವಾಗಿ ಹೇಳ್ಬೇಕಂದ್ರೆ ಮೊದಲಿಗಿಂತ ಎಷ್ಟೋ ವಾಸಿ, ಮುಂಚೆ ಬೆಂಗಳೂರಿಗೋ ಹುಬ್ಬಳ್ಳಿಗೋ ಓಡ್ಬೇಕಿತ್ತು. 2017ರ ಜನವರೀಲಿ ಮೈಸೂರಿನ ಹೆಡ್ ಪೋಸ್ಟ್ ಆಫೀಸಲ್ಲಿ ಶುರುವಾದ್ಮೇಲೆ ಈಗ ಪೋಸ್ಟ್ ಆಫೀಸಲ್ಲೇ ಆಗುತ್ತೆ. ಆದ್ರೆ ನಾವು ಹೋಗಿದ್ದು ಅಡಿಕೆ ಸುಗ್ಗೀಲಿ. ಹಸಿ ಅಡಿಕೆ ಸುಲಿದು ಸುಲಿದು ದೊಡ್ಡಮ್ಮನ ಬೆರಳೆಲ್ಲ ಚೊಗರು ಹಿಡಿದು ಕಪ್ಪಗಾಗಿದ್ವು, ಹೆಬ್ಬೆರಳಲ್ಲಿ ಮೆಟ್ಟುಗತ್ತಿ ಗಾಯ ಬೇರೆ. ಮಷಿನ್ ಮೇಲೆ ಬೆರಳಿಟ್ರೆ ಕೆಂಪು ಲೈಟು. ಒರೆಸಿ ಇಟ್ರೆ ಕೆಂಪು ಲೈಟು. ಆ ಹುಡುಗಿ ಪಾಪ ಒಳ್ಳೇವಳು, “ಅಮ್ಮಾ, ಕೈ ತೊಳ್ಕೊಂಡ್ ಬನ್ನಿ” ಅಂದ್ಲು. ದೊಡ್ಡಮ್ಮ ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡು, “ತೊಳ್ದೇ ಬಂದಿದೀನಿ ಮಗಾ, ಇದು ಶಿವರಾತ್ರಿ ಹೊತ್ತಿಗೆ ಹೋಗುತ್ತೆ” ಅಂದ್ಲು. ಹುಣಸೆಹಣ್ಣು ಹುಡುಕಿದೆ, ಬಸ್‌ಸ್ಟ್ಯಾಂಡ್ ಹತ್ರ ನಿಂಬೆಹಣ್ಣು ಸಿಕ್ತು, ಪೋಸ್ಟ್ ಆಫೀಸಿನ ನಲ್ಲಿ ಹತ್ರ ಕೂರ್ಸಿ ತಿಕ್ಕಿದೆ. ಹತ್ತು ಬೆರಳಲ್ಲಿ ಆರು ಪಾಸು.

ಆಮೇಲೆ ಪೊಲೀಸ್ ವೆರಿಫಿಕೇಶನ್. ಮನೆ ಎಲ್ಲಿ ಅಂತ ಪೊಲೀಸಪ್ಪ ಮೂರು ಸಲ ಫೋನ್ ಮಾಡಿದ, ನೆಟ್‌ವರ್ಕ್ ಬರೋದು ಗುಡ್ಡದ ಮೇಲೆ ಮಾತ್ರ, ದೊಡ್ಡಮ್ಮ ಹತ್ತಿ ಇಳಿಯೋಷ್ಟರಲ್ಲಿ ಅವನು ವಾಪಸ್. ‘ವಿಳಾಸದಲ್ಲಿ ಇರಲಿಲ್ಲ’ ಅಂತ ರಿಪೋರ್ಟು! ಅರವತ್ತು ವರ್ಷದಲ್ಲಿ ಧರ್ಮಸ್ಥಳ ಬಿಟ್ರೆ ಎಲ್ಲೂ ಹೋಗದೋಳು. ಎರಡನೇ ಸಲ ಬಂದಾಗ ಅಕ್ಕಪಕ್ಕದೋರ ಇಬ್ಬರ ಸಾಕ್ಷಿ ಬೇಕು ಅಂದ. ಅಕ್ಕಪಕ್ಕ ಇರೋದೇ ಎರಡು ಮನೆ, ಅದ್ರಲ್ಲಿ ಒಬ್ಬರ ಜೊತೆ ಬೇಲಿ ವಿಷಯಕ್ಕೆ ಹನ್ನೆರಡು ವರ್ಷದಿಂದ ಮಾತಿಲ್ಲ. ಕೇಸ್ ಏನಾದ್ರೂ ಇದೆಯಾ ಅಂತ ಅವನು ಕೇಳಿದ, ದೊಡ್ಡಮ್ಮ ಸುಳ್ಳು ಹೇಳೋಳಲ್ಲ, ಬೇಲಿ ಕಥೆ ಬುಡದಿಂದ ಶುರು ಮಾಡಿದ್ಲು, ನಾನು ಮಧ್ಯ ಬಾಯಿ ಹಾಕಿ ಕಾಫಿ ತರ್ತೀನಿ ಅಂತ ತಪ್ಪಿಸ್ದೆ. ಕೊನೆಗೆ ಆ ಬೇಲಿಯಾಚೆಯೋರೇ ಬಂದು ಸೈನ್ ಹಾಕಿದ್ರು, “ಅತ್ತಿಗೆ ನಡತೆ ಚೆನ್ನಾಗಿದೆ ಸಾರ್, ಬೇಲಿ ಒಂದು ಬಿಟ್ರೆ” ಅಂತ. ಪಂಚಾಯ್ತಿ, ಊರ ಹಿರೀಕರು, ಯಾರೂ ಮಾಡದ ರಾಜಿ ಪಾಸ್‌ಪೋರ್ಟ್ ಮಾಡ್ತು. ಪೊಲೀಸಪ್ಪಂಗೆ ಪೆಟ್ರೋಲ್ ಖರ್ಚು ಬೇರೆ ಕೊಟ್ವಿ, ಅದಕ್ಕೆ ರಸೀದಿ ಇಲ್ಲ.

ಇಷ್ಟೆಲ್ಲ ಆಗೋ ಹೊತ್ತಿಗೆ ಅಲ್ಲಿ ಮಗು ಹುಟ್ಟಿ, ಹೆಸರಿಟ್ಟು, ಸರ್‌ನೇಮೂ ಇಟ್ಟು, ಅದಕ್ಕೆ ಅಮೆರಿಕಾ ಪಾಸ್‌ಪೋರ್ಟೂ ಬಂದಾಗಿತ್ತು. ಇನ್ನೂ ಕತ್ತು ನಿಂತಿಲ್ಲ ಅದಕ್ಕೆ. ಅಮ್ಮ ಬರೋದು ಯಾವಾಗ್ಲೋ, ನಾವೇ ಬರ್ತೀವಿ ಅಂತ ಮಗಳು ಟಿಕೆಟ್ ಮಾಡ್ಸಿದ್ಲು.

ಮೊನ್ನೆ ದೊಡ್ಡಮ್ಮನ ಪಾಸ್‌ಪೋರ್ಟ್ ಬಂತು, ಸ್ಪೀಡ್ ಪೋಸ್ಟಲ್ಲಿ. ಮೂವತ್ತು ವರ್ಷದಿಂದ ಅದೇ ಪೋಸ್ಟ್‌ಮ್ಯಾನು, ಡೋರ್ ನಂಬರ್ ಇಲ್ಲ ಬೀದಿ ಹೆಸರಿಲ್ಲ, ಸೈಕಲ್ ಹೊಳೆ ಈಚೆ ಒರಗಿಸಿ ಸಂಕ ದಾಟಿ ನೇರ ಬಂದ. ಜಗಲಿ ಮೇಲೆ ಕೂತು ಬೆವರು ಒರೆಸ್ಕೊಂಡು, “ಅಮ್ಮಾ, ಬೇಜಾರ್ ಮಾಡ್ಕೋಬೇಡಿ, ಆಧಾರ್ ತೋರಿಸ್ಬೇಕು, ರೂಲ್ಸು” ಅಂದ. ದೊಡ್ಡಮ್ಮ ಒಳಗೆ ಹೋಗಿ ಆಧಾರ್ ತಂದ್ಲು, ಜೊತೆಗೆ ಆ ಸ್ಟೀಲ್ ಡಬ್ಬೀನೂ ತಂದು ಅವನ ಅಂಗೈಗೆ ಒಂದು ಚಮಚ ಲೇಹ್ಯ ಹಾಕಿದ್ಲು. “ತಿನ್ನೋ, ಬಾಣಂತಿಗೆ ಅಂತ ಮಾಡಿದ್ದು. ಸೊಂಟಕ್ಕೆ ಒಳ್ಳೇದು.”