ರಾಗಿ ಕಾಳು, ಮೊಳ, ಗೇಣು

ನಮ್ಮ ಮನೆಯಲ್ಲಿ ಪಂಚಾಂಗ ನೋಡುವುದು ಈಗ ದೊಡ್ಡ ಕಾರ್ಯಕ್ರಮ. ಪುಟ ಒಂದೇ, ಸಾಸಿವೆ ಕಾಳಿನಂಥ ಅಕ್ಷರಗಳೂ ಅವೇ. ನಾನು ಕನ್ನಡಕ ತೆಗೆದು, ಪಂಚಾಂಗವನ್ನು ಮೂಗಿನ ಹತ್ತಿರ ತಂದು ಓದುತ್ತೇನೆ. ಹೆಂಡತಿ ಅದನ್ನು ಕೈ ಚಾಚುವಷ್ಟು ದೂರ ಹಿಡಿದು, ಕತ್ತು ಹಿಂದಕ್ಕೆ ವಾಲಿಸಿ, ಕೊನೆಗೆ ಸೋತು, 'ರೀ, ನನ್ನ ಕನ್ನಡಕ ಎಲ್ಲಿಟ್ರಿ?' ಅನ್ನುತ್ತಾಳೆ. ಇಟ್ಟವನು ನಾನಲ್ಲ, ಆದರೂ ಹುಡುಕುವವನು ನಾನೇ.

ಇದನ್ನೆಲ್ಲ ನೋಡುತ್ತಾ ಕೂತಿದ್ದ ಮಗಳು ಒಂದು ದಿನ ಕೇಳಿದಳು: 'ಅಮ್ಮಂಗೆ ಹಾಕ್ಕೊಂಡ್ರೆ ಕಾಣುತ್ತೆ, ನಿಂಗೆ ತೆಗೆದ್ರೆ ಕಾಣುತ್ತೆ. ಹಾಗಾದ್ರೆ ಕನ್ನಡಕ ಏನಪ್ಪಾ ಮಾಡುತ್ತೆ?'

'ದೊಡ್ಡದಾಗಿ ತೋರಿಸುತ್ತೆ' ಎಂದುಬಿಟ್ಟೆ. ತಪ್ಪು ಉತ್ತರ. ನನ್ನ ಕನ್ನಡಕವಂತೂ ಎಲ್ಲವನ್ನೂ ಸ್ವಲ್ಪ ಚಿಕ್ಕದಾಗಿಯೇ ತೋರಿಸುತ್ತದೆ. ಮೂವತ್ತೈದು ವರ್ಷ ಮೂಗಿನ ಮೇಲೆ ಹೊತ್ತು ತಿರುಗಿದ ಸಾಮಾನು ಏನು ಮಾಡುತ್ತದೆ ಅಂತ ಹೇಳಲು ಬಾರದವನು ಅಪ್ಪ ಅನ್ನಿಸಿಕೊಳ್ಳುವುದು ಹೇಗೆ? ಎರಡು ವಾರದ ನಂತರ ಅವಳಿಗೂ ಕನ್ನಡಕ ಬಂತು. ಆಗ ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ.

ಸಂಗತಿ ಇಷ್ಟು. ನೋಡುವುದೆಂದರೆ ಬೆಳಕನ್ನು ಬಗ್ಗಿಸಿ ಕಣ್ಣಿನ ಹಿಂಬದಿಯ ಪರದೆಯ ಮೇಲೆ ಸರಿಯಾಗಿ ಕೂರಿಸುವುದು. ಈ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಕಣ್ಣಿನ ಮುಂದಿನ ಗಾಜಿನಂಥ ಪೊರೆಯದು, ಅಂದರೆ ಕಾರ್ನಿಯಾದ್ದು. ಉಳಿದದ್ದು ಒಳಗಿರುವ ಲೆನ್ಸಿನದು. ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದ. ಅದು ಒಂದು ಮಿಲಿಮೀಟರ್ ಜಾಸ್ತಿ ಬೆಳೆದರೆ ಸಾಕು, ಬೆಳಕು ಪರದೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ, ದೂರದ್ದು ಮಂಜಾಗುತ್ತದೆ. ಆ ಒಂದು ಮಿಲಿಮೀಟರ್ ಹೆಚ್ಚು ಕಡಿಮೆ ಎರಡೂವರೆ ಪವರಿಗೆ ಸಮ. ಒಂದು ಮಿಲಿಮೀಟರ್ ಎಷ್ಟು ಅಂತ ಮಗಳು ಕೇಳಿದಾಗ ಅಡುಗೆಮನೆಗೆ ಕರೆದುಕೊಂಡು ಹೋಗಿ ರಾಗಿ ಡಬ್ಬಿ ತೆಗೆದೆ. ಒಂದು ಕಾಳನ್ನು ಅಂಗೈ ಮೇಲಿಟ್ಟೆ. 'ಇಷ್ಟೇ' ಅಂದೆ. ಅವಳು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಹತ್ತಿರದ್ದು ನಮಗೆ ಚೆನ್ನಾಗಿಯೇ ಕಾಣುತ್ತದೆ, ಅದೊಂದು ಸಮಾಧಾನ.

ಪವರು ಅನ್ನುವ ಲೆಕ್ಕವೂ ಹೆದರಿಸುವಂಥದ್ದಲ್ಲ. ಒಂದು ಮೀಟರನ್ನು ಪವರಿನಿಂದ ಭಾಗಿಸಬೇಕು. ಮೈನಸ್ ಎರಡು ಅಂದರೆ ಅರ್ಧ ಮೀಟರ್. ಅಲ್ಲಿವರೆಗೆ ಬರಿಗಣ್ಣಿಗೆ ಸ್ಪಷ್ಟ, ಆಮೇಲೆ ಮಂಜು. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ಮಲ್ಲಿಗೆಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಎಳೆದು ಅಳೆಯುತ್ತಾರಲ್ಲ, ಆ ಮೊಳಕ್ಕಿಂತ ಒಂದೆರಡು ಇಂಚು ಜಾಸ್ತಿ. ನನಗೆ ಐದನೇ ಕ್ಲಾಸಿನಲ್ಲಿ ಮೊದಲ ಕನ್ನಡಕ ಬಂದಾಗ ಇದ್ದದ್ದು ಇದೇ ಮೈನಸ್ ಎರಡು. ಒಂದು ಮೊಳ ಹೂವಿನಷ್ಟು ಲೋಕ ನನ್ನದು, ಉಳಿದದ್ದು ಬೇರೆಯವರದು. ಕಾಲೇಜು ಮುಗಿಯುವ ಹೊತ್ತಿಗೆ ಮೈನಸ್ ನಾಲ್ಕಾಗಿ ಲೋಕ ಗೇಣಿಗೆ ಇಳಿಯಿತು. ಪುಣ್ಯಕ್ಕೆ ಅಲ್ಲೇ ನಿಂತಿದೆ.

ಆ ಮೊದಲ ಕನ್ನಡಕಕ್ಕೆ ಮುಂಚೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಮುಷ್ಟಿ ಕಟ್ಟಿ, ತೋರುಬೆರಳಿನ ಮಡಿಕೆಯಲ್ಲಿ ಸೂಜಿ ಹೋಗುವಷ್ಟು ತೂತು ಬಿಟ್ಟು, ಅದರಲ್ಲಿ ಬೋರ್ಡು ನೋಡುವುದು. ಅಕ್ಷರ ಪಟ್ಟನೆ ಸ್ಪಷ್ಟವಾಗುತ್ತಿತ್ತು. ಮಾಟವಲ್ಲ, ತೂತು ಚಿಕ್ಕದಾದಷ್ಟೂ ಅಡ್ಡಾದಿಡ್ಡಿ ಬರುವ ಬೆಳಕು ಕಡಿಮೆಯಾಗುತ್ತದೆ, ಅಷ್ಟೇ. ದೂರದ್ದು ನೋಡಲು ಕಣ್ಣು ಕಿರಿದು ಮಾಡುತ್ತೇವಲ್ಲ, ಅದರ ಗುಟ್ಟೂ ಇದೇ. ಕನ್ನಡಕ ಇರುವವರು ಈಗಲೇ ತೆಗೆದಿಟ್ಟು ಪರೀಕ್ಷೆ ಮಾಡಿ ನೋಡಬಹುದು. ನಮ್ಮ ಮೇಷ್ಟ್ರು ಮಾತ್ರ ನಾನು ಅವರಿಗೆ ದುರ್ಬೀನು ಹಿಡಿದು ಅಣಕಿಸುತ್ತಿದ್ದೇನೆ ಅಂದುಕೊಂಡರು. ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿಂದಲೂ ಬೋರ್ಡು ಕಾಣಲಿಲ್ಲ.

ಮನೆಯಲ್ಲಿ ಕಾರಣಗಳ ಹುಡುಕಾಟ ನಡೆಯಿತು. ಟಿವಿ ಹತ್ರ ಕೂತು ಕೂತು ಕಣ್ಣು ಕೆಡಿಸಿಕೊಂಡ ಅಂತ ಅಪ್ಪ. ಕಾಣದೇ ಇದ್ದದ್ದಕ್ಕೆ ಹತ್ತಿರ ಕೂತದ್ದು ಅಂತ ಹೇಳುವ ಧೈರ್ಯ ನನಗಿರಲಿಲ್ಲ. ಹೊನಗೊನೆ ಸೊಪ್ಪು ತಿನ್ನಲಿಲ್ಲ, ಅದಕ್ಕೇ ಅಂತ ಅಜ್ಜಿ. ಆಮೇಲೆ ವಾರಕ್ಕೆರಡು ಸಲ ಹೊನಗೊನೆ ಸೊಪ್ಪಿನ ಸಾರು, ಮುದ್ದೆ. ಎ ವಿಟಮಿನ್ ಕಡಿಮೆಯಾದರೆ ಇರುಳುಗುರುಡು ಬರುತ್ತದೆ, ಸೊಪ್ಪು ಕ್ಯಾರೆಟ್ಟು ಅದಕ್ಕೆ ಒಳ್ಳೆಯದು, ಇದು ನಿಜ. ಆದರೆ ಉದ್ದ ಬೆಳೆದ ಕಣ್ಣನ್ನು ಯಾವ ಸೊಪ್ಪೂ ಗಿಡ್ಡ ಮಾಡುವುದಿಲ್ಲ. ಸಾರು ಚೆನ್ನಾಗಿತ್ತು ಅನ್ನುವುದು ಬೇರೆ ಮಾತು.

ಅಜ್ಜಿಯದು ಸೋಡಾಬುಡ್ಡಿ ಕನ್ನಡಕ. ಪೊರೆ ಆಪರೇಷನ್ ಆಗಿತ್ತು. ಆಗ ಪೊರೆ ಬಂದ ಲೆನ್ಸನ್ನು ತೆಗೆದು ಕಣ್ಣೊಳಗೆ ಬೇರೇನೂ ಇಡದೆ ಕಳಿಸುತ್ತಿದ್ದರು. ಒಳಗೆ ತೆಗೆದದ್ದನ್ನು ಹೊರಗೆ ಮೂಗಿನ ಮೇಲೆ ಹೊರಿಸುತ್ತಿದ್ದರು. ಪ್ಲಸ್ ಹತ್ತರ ಆ ಗಾಜಿನ ಹಿಂದೆ ಅಜ್ಜಿಯ ಕಣ್ಣು ಹಸುವಿನ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮಧ್ಯಾಹ್ನ ಅವರು ಮಲಗಿದಾಗ ಅದನ್ನು ಕದ್ದು ಹಿತ್ತಲಿಗೆ ಒಯ್ದು ಬಿಸಿಲಿಗೆ ಹಿಡಿದರೆ ಪೇಪರ್ ಹೊಗೆಯಾಡುತ್ತಿತ್ತು. ನನ್ನ ಕನ್ನಡಕ ಹಿಡಿದರೆ ಏನೂ ಇಲ್ಲ, ಸುಮ್ನೆ ಒಂದು ನೆರಳು. ಪ್ಲಸ್ ಬೆಳಕನ್ನು ಕೂಡಿಸುತ್ತದೆ, ಮೈನಸ್ ಹರಡುತ್ತದೆ ಅನ್ನುವ ಪಾಠ ನನಗೆ ಹಿತ್ತಲಲ್ಲೇ ಆಗಿತ್ತು. ಮಗಳು ಕೇಳಿದಾಗ ಯಾಕೆ ನೆನಪಾಗಲಿಲ್ಲವೋ!

ನಮ್ಮಮ್ಮನಿಗೆ ಅದೇ ಪೊರೆ ಬಂದಾಗ ಕಣ್ಣೊಳಗೇ ಚಿಕ್ಕ ಲೆನ್ಸ್ ಕೂರಿಸಿದರು. ಮಾರನೇ ದಿನ ಪಟ್ಟಿ ಬಿಚ್ಚಿದ ಮೇಲೆ ಅವರ ಮೊದಲ ಮಾತು, 'ಈ ಗೋಡೆಗೆ ಸುಣ್ಣ ಹೊಡೆಸಿ ಎಷ್ಟು ವರ್ಷ ಆಯ್ತೋ?' ಈ ಲೆನ್ಸಿನ ಹಿಂದೆ ಒಂದು ಯುದ್ಧದ ಕತೆ ಇದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಪೈಲಟ್ಟುಗಳ ಕಣ್ಣಿಗೆ ಹೊಕ್ಕಿದ್ದವು. ಆ ಚೂರುಗಳನ್ನು ಕಣ್ಣು ಅಷ್ಟಾಗಿ ವಿರೋಧಿಸದೆ ಇಟ್ಟುಕೊಂಡಿತ್ತು. ಇದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲಿಷ್ ಡಾಕ್ಟರು ಅಂಥದ್ದೇ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಿ 1949ರಲ್ಲಿ ಮೊದಲ ಸಲ ಕಣ್ಣೊಳಗಿಟ್ಟರು.

ಮಗಳ ಕಣ್ಣು ಪರೀಕ್ಷೆಗೆ ಹೋದದ್ದು ದೇವರಾಜ ಅರಸು ರಸ್ತೆಯ ಒಂದು ಅಂಗಡಿಗೆ. ಅಕ್ಷರದ ಹಲಗೆ ಆರು ಮೀಟರ್ ದೂರ ಇರಬೇಕು. ಹಾಲೆಂಡಿನ ಸ್ನೆಲೆನ್ ಎಂಬ ಡಾಕ್ಟರು 1862ರಲ್ಲಿ ಇಂಥ ಹಲಗೆ ಮಾಡಿದಾಗಿನಿಂದ ನಡೆದುಬಂದ ಪದ್ಧತಿ. ಅರಸು ರಸ್ತೆಯ ಬಾಡಿಗೆಯಲ್ಲಿ ಅಷ್ಟುದ್ದದ ಕೋಣೆ ಎಲ್ಲಿಂದ ಬರಬೇಕು? ಹಲಗೆಯನ್ನು ತಲೆಯ ಹಿಂದೆ ತೂಗುಹಾಕಿ ಎದುರಿಗೆ ಕನ್ನಡಿ ಇಟ್ಟಿದ್ದರು. ಮೂರು ಮೀಟರ್ ಹೋಗಿ, ಮೂರು ಮೀಟರ್ ಬಂದು, ಆರಾಯಿತು. ಈ ಜುಗ್ಗತನ ನನಗೆ ಬಹಳ ಹಿಡಿಸಿತು.

ಕನ್ನಡದ ಹಲಗೆ ಕೇಳಿ ಹಾಕಿಸಿದೆ. ಅದು ತಪ್ಪಾಯಿತೇನೋ. ನಮ್ಮ ಅಕ್ಷರಗಳೆಲ್ಲ ಒಂದೇ ತಾಯಿಯ ಮಕ್ಕಳು, ದುಂಡಗೆ, ತಲೆಕಟ್ಟು ಕಟ್ಟಿಕೊಂಡು ಕೂತಿವೆ. ಒಂದು ಚುಕ್ಕೆ ಕಾಣದಿದ್ದರೆ ಠ ಹೋಗಿ ರ ಆಗುತ್ತದೆ. ಕಾಲ ಕೆಳಗಿನ ಗೀಟು ಹೋದರೆ ಧ ಹೋಗಿ ದ. ಕಣ್ಣು ಮಂಜಾದಾಗ ಮೊದಲು ಸಾಯುವುದು ಮಹಾಪ್ರಾಣ. ಮಗಳು ಮೂರನೇ ಸಾಲಿನಲ್ಲಿ ತಡವರಿಸಿದಳು. ಪಕ್ಕದಲ್ಲಿ ಕೂತ ನಾನು ತುಟಿ ಅಲ್ಲಾಡಿಸಿ ಹೇಳಿಕೊಡಲು ಹೋಗಿ ಬೈಸಿಕೊಂಡೆ. 'ಸಾರ್, ಇದು ಪರೀಕ್ಷೆ ಅಲ್ಲ' ಅಂದಳು ಕಣ್ಣು ನೋಡುತ್ತಿದ್ದ ಅಂಗಡಿಯ ಹುಡುಗಿ. ಹೌದಾ? ಆಮೇಲೆ ಅವಳೇ ಗಾಜು ಬದಲಿಸುತ್ತಾ 'ಈಗ ಚೆನ್ನಾಗಿದೆಯಾ, ಮೊದಲು ಚೆನ್ನಾಗಿತ್ತಾ?' ಅಂತ ಕೇಳುತ್ತಿದ್ದರೆ ಮಗು ಬೆವರುತ್ತಿತ್ತು. ಎರಡೂ ಒಂದೇ ಅನ್ನಿಸಿದರೆ ಒಂದೇ ಅನ್ನಬಹುದು, ಯಾರೂ ನಂಬರ್ ಕಟ್ ಮಾಡುವುದಿಲ್ಲ. ಇದನ್ನು ನನಗೆ ಯಾರಾದರೂ ಐದನೇ ಕ್ಲಾಸಿನಲ್ಲೇ ಹೇಳಿದ್ದರೆ!

ಚೀಟಿಯಲ್ಲಿ ಸಿಲಿಂಡರ್ ಅಂತಲೂ ಇತ್ತು. ಗ್ಯಾಸಿನದಲ್ಲ. ಕಾರ್ನಿಯಾ ಚೆಂಡಿನ ಹಾಗೆ ದುಂಡಗಿರದೆ ನಿಂಬೆಹಣ್ಣಿನ ಹಾಗೆ ಒಂದು ಕಡೆ ಜಾಸ್ತಿ ಬಾಗಿದ್ದರೆ ಬರುವ ತೊಂದರೆ ಅದು. ಏರಿ ಎಂಬ ಖಗೋಳಶಾಸ್ತ್ರಜ್ಞ 1825ರಲ್ಲಿ ತನ್ನದೇ ಕಣ್ಣಿಗೆ ಇಂಥ ಗಾಜು ಮಾಡಿಸಿಕೊಂಡ. ನಕ್ಷತ್ರ ನೋಡುವವನ ಕಣ್ಣಿಗೇ ಬರಬೇಕೇ!

ಕನ್ನಡಕ ಹಾಕಿಸಿಕೊಂಡು ಬಂದ ಸುದ್ದಿ ಹಬ್ಬಿದ್ದೇ ತಡ, ನೆಂಟರ ಫೋನು. ಅಷ್ಟು ಚಿಕ್ಕ ಹುಡುಗಿಗೆ ಯಾಕೆ ಹಾಕಿಸಿದಿರಿ, ಹಾಕಿದರೆ ನಂಬರ್ ಜಾಸ್ತಿ ಆಗುತ್ತೆ ಅಲ್ವಾ? ಇಲ್ಲ. ಮಗು ಬೆಳೆದ ಹಾಗೆ ಕಣ್ಣೂ ಬೆಳೆಯುತ್ತದೆ, ನಂಬರೂ ಏರುತ್ತದೆ. ಕನ್ನಡಕ ಹಾಕಿದ್ದಕ್ಕೆ ನಂಬರ್ ಏರಿತು ಅನ್ನುವುದು, ಹೊಸ ಲಂಗ ಹೊಲಿಸಿದ್ದಕ್ಕೇ ಹುಡುಗಿ ಉದ್ದ ಆದಳು ಅಂದ ಹಾಗೆ. ಕಡಿಮೆ ಬೆಳಕಲ್ಲಿ ಓದಿದರೆ ಕಣ್ಣು ದಣಿಯುತ್ತದೆ, ಕೆಡುವುದಿಲ್ಲ. ಮೊಬೈಲಿಗೆ ಅಂತ ನೀಲಿ ಬೆಳಕು ತಡೆಯುವ ಗಾಜು ಹಾಕಿಸಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅದರಿಂದ ದಣಿವು ಕಡಿಮೆಯಾಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ನಾನು ಹಾಕಿಸಲಿಲ್ಲ. ಪರದೆ ನೋಡುತ್ತಾ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ, ಕಣ್ಣು ಒಣಗುತ್ತದೆ. ಅದಕ್ಕೆ ಮದ್ದು ಆಗಾಗ ಎದ್ದು ಕಿಟಕಿಯಾಚೆ ನೋಡುವುದು. ಕಣ್ಣಿನ ಡಾಕ್ಟರೊಬ್ಬರು ಹೇಳಿದ ಒಂದು ಮಾತು ಮಾತ್ರ ಮನಸ್ಸಿನಲ್ಲಿ ನಿಂತಿತು: ಮಕ್ಕಳು ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಆಡಿದರೆ ಈ ದೃಷ್ಟಿದೋಷ ಶುರುವಾಗುವುದೇ ತಡವಾಗುತ್ತದಂತೆ. 'ಬಿಸಿಲಲ್ಲಿ ಅಲೀಬೇಡ, ಒಳಗೆ ಕೂತು ಓದ್ಕೋ' ಅಂತ ನಾವೇ ತಾನೇ ಕೂಗುತ್ತಿದ್ದದ್ದು.

ಇನ್ನು ಹೆಂಡತಿಯ ಕತೆ. ಅವಳ ಕಣ್ಣಿನ ಉದ್ದ ಸರಿಯಾಗಿಯೇ ಇದೆ. ನಲವತ್ತು ದಾಟಿದ ಮೇಲೆ ಒಳಗಿನ ಲೆನ್ಸ್ ಗಟ್ಟಿಯಾಗುತ್ತಾ ಬಂದು, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲ. ಹತ್ತು ವರ್ಷದ ಮಗು ಏಳೆಂಟು ಸೆಂಟಿಮೀಟರಿನಷ್ಟು ಹತ್ತಿರ ಹಿಡಿದೂ ಓದಬಲ್ಲದು. ನಮ್ಮ ವಯಸ್ಸಿಗೆ ಕೈಯ ಉದ್ದ ಸಾಲದಾಗುತ್ತದೆ. ಇದಕ್ಕೆ ಚಾಳೀಸು ಅನ್ನುತ್ತಾರೆ, ಹಿಂದಿಯ ಮರಾಠಿಯ ನಲವತ್ತು ಅದು. ಕಾಯಿಲೆಗೆ ವಯಸ್ಸಿನ ಹೆಸರನ್ನೇ ಇಟ್ಟ ಮೇಲೆ ಮುಚ್ಚಿಡುವುದೇನು? ಚಾಳೀಸು ಯಾರನ್ನೂ ಬಿಡುವುದಿಲ್ಲ, ಲೇಸರ್ ಮಾಡಿಸಿಕೊಂಡು ಕನ್ನಡಕ ಬಿಸಾಕಿದವರನ್ನೂ ಬಿಡುವುದಿಲ್ಲ. ನನ್ನ ಕನ್ನಡಕ ಹಾಕಿಕೊಂಡಾಗ ನಾನೂ, ಕನ್ನಡಕವಿಲ್ಲದ ಅವಳೂ ಒಂದೇ ಸ್ಥಿತಿ. ತೆಗೆದರೆ ಮಾತ್ರ ನನಗೆ ನನ್ನ ಗೇಣಿನ ಲೋಕ ವಾಪಸ್ ಸಿಗುತ್ತದೆ, ಪಂಚಾಂಗದ ಅಕ್ಷರ ಅದರೊಳಗೆ ಬರುತ್ತದೆ. ಇಷ್ಟು ವರ್ಷ ಅನುಭವಿಸಿದ್ದಕ್ಕೆ ಒಂದು ಚಿಕ್ಕ ಪಿಂಚಣಿ.

ಎರಡು ಕನ್ನಡಕ ಬದಲಿಸಿ ಬದಲಿಸಿ ಬೇಸತ್ತು ಎರಡು ಗಾಜನ್ನೂ ಒಂದೇ ಫ್ರೇಮಿಗೆ ಸೇರಿಸಿಕೊಂಡವನು ಬೆಂಜಮಿನ್ ಫ್ರಾಂಕ್ಲಿನ್. 1785ರಲ್ಲಿ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಅವನು ಹೇಳುವ ಕಾರಣ ಚೆನ್ನಾಗಿದೆ. ಫ್ರಾನ್ಸಿನಲ್ಲಿ ಊಟಕ್ಕೆ ಕೂತಾಗ ಕೆಳಗಿನ ಗಾಜಿನಲ್ಲಿ ತಟ್ಟೆ, ಮೇಲಿನ ಗಾಜಿನಲ್ಲಿ ಎದುರಿನವರ ಮುಖ ಕಾಣುತ್ತಿತ್ತು. ಮುಖ ಕಂಡರೆ ಫ್ರೆಂಚ್ ಮಾತು ಚೆನ್ನಾಗಿ ಅರ್ಥವಾಗುತ್ತದೆ ಅಂತ. ಮದುವೆ ಪಂಕ್ತಿಯಲ್ಲಿ ಕನ್ನಡಕ ತೆಗೆದಿಟ್ಟು ಬೀಗರ ಜೊತೆ ಮಾತಾಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ನಮ್ಮ ಕಡೆಗೆ ಕನ್ನಡಕ ಬಂದದ್ದೂ ಇತ್ತೀಚೆಗಲ್ಲ. ಇಲ್ಲೇ ಬನ್ನೂರಿನಲ್ಲಿ ಹುಟ್ಟಿದ ವ್ಯಾಸರಾಯರು 1520ರ ಸುಮಾರಿಗೆ ಕಣ್ಣಿಗೆ ಗಾಜು ಇಟ್ಟುಕೊಂಡು ಓದುತ್ತಿದ್ದರು ಎಂಬ ಉಲ್ಲೇಖ ಸಂಸ್ಕೃತದಲ್ಲಿದೆ. 'ಉಪಲೋಚನಗೋಲಕ' ಅಂತ ಅದರ ಹೆಸರು. ಆಪ್ಟಿಕಲ್ಸ್ ಅಂಗಡಿಯವರು ಯಾರಾದರೂ ಬೋರ್ಡಿನ ಮೇಲೆ ಇದನ್ನು ಬರೆಸಿದರೆ ಚೆನ್ನ, ಓದಲು ಕನ್ನಡಕವೂ ಬೇಕಾಗುತ್ತದೆ. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ತಮ್ಮ ಶ್ರೀಸಾಮಾನ್ಯನಿಗೆ ಚೌಕಳಿ ಕೋಟಿನ ಜೊತೆ ಒಂದು ದುಂಡು ಕನ್ನಡಕ ಕೊಟ್ಟು, ಬಾಯಿಗೆ ಮಾತ್ರ ಮಾತು ಕೊಡಲಿಲ್ಲ.

ಕನ್ನಡಕವಿಲ್ಲದೆ ಹೊರಗೆ ಹೋದರೆ ಆಗುವ ನಿಜವಾದ ತೊಂದರೆ ಗುಂಡಿಗೆ ಬೀಳುವುದಲ್ಲ. ಒಮ್ಮೆ ಮಳೆ ಹನಿಯುತ್ತಿದೆ ಅಂತ ಜೇಬಿಗಿಟ್ಟು ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೆ. ಎದುರಿಗೆ ಬಂದ ಸೋದರಮಾವ ನಕ್ಕರಂತೆ, ಕೈ ಎತ್ತಿದರಂತೆ. ನನಗೆ ಕಂಡದ್ದು ಒಂದು ಬೂದು ಬಣ್ಣದ ಸ್ವೆಟರು. 'ದೊಡ್ಡ ಮನುಷ್ಯ ಆಗ್ಬಿಟ್ಟಿದ್ದಾನೆ, ಕಂಡೂ ಮಾತಾಡ್ಸಲ್ಲ' ಅನ್ನುವ ಸುದ್ದಿ ಸಂಜೆಯೊಳಗೆ ಮಂಡ್ಯ ಮುಟ್ಟಿತ್ತು. ಮೈನಸ್ ನಾಲ್ಕು ಅಂತ ವಿವರಿಸಲು ಹೋದರೆ, 'ಮಾವ ಅನ್ನೋದು ಕಣ್ಣಿಗೆ ಕಾಣ್ಬೇಕೇನೋ' ಅಂದರು.

ಇಷ್ಟಾದರೂ ಮಂಜಿನ ಮೇಲೆ ನನಗೊಂದು ಮೋಹ ಇದೆ, ಅದಕ್ಕೆ ಕಾರಣ ಅರಮನೆ. ಅಲ್ಲಿ ಸುಮಾರು 97,000 ಬಲ್ಬು. ಚಿಕ್ಕವನಿದ್ದಾಗ ನನಗೆ ಅವು ಬಲ್ಬುಗಳೇ ಅಲ್ಲ. ಬಂಗಾರದ ಬತ್ತಾಸುಗಳು ಒಂದರ ಮೇಲೊಂದು ಬಿದ್ದು, ಇಡೀ ಅರಮನೆ ಬಾಣಲೆಯಲ್ಲಿ ಉಬ್ಬುವ ಮೈಸೂರು ಪಾಕಿನ ಹಾಗೆ ಕಾಣುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿದ್ದೆ. ಕನ್ನಡಕ ಬಂದ ವರ್ಷ ದಸರಾಕ್ಕೆ ಹೋಗಿ ನೋಡಿದರೆ, ಸಾಲಾಗಿ ಜೋಡಿಸಿಟ್ಟ ಚಿಕ್ಕ ಚಿಕ್ಕ ಬಲ್ಬು. 'ಅಷ್ಟೇನಾ?' ಅಂದುಬಿಟ್ಟೆ. ಅಪ್ಪನಿಗೆ ಬೇಜಾರಾಯಿತು, ಕನ್ನಡಕಕ್ಕೆ ದುಡ್ಡು ಕೊಟ್ಟವರು ಅವರು.

ಹೋದ ಭಾನುವಾರ ಸಂಜೆ ಮಗಳನ್ನು ಕರೆದುಕೊಂಡು ಹೋಗಿದ್ದೆವು. ಕೋಟೆ ಆಂಜನೇಯನ ಗುಡಿಯ ಹತ್ತಿರ ನಿಂತೆವು. ಏಳಕ್ಕೆ ಸರಿಯಾಗಿ ದೀಪ ಹತ್ತಿತು, ಜನ ಹೋ ಅಂದರು. ಅವಳು ಹೊಸ ಕನ್ನಡಕದಲ್ಲಿ ಗೋಪುರದ ಗೆರೆಗಳನ್ನೆಲ್ಲ ಬೆರಳಿನಲ್ಲಿ ತೋರಿಸುತ್ತಾ ಎಣಿಸಲು ಶುರು ಮಾಡಿದಳು. ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು. ಗಾಜು ಒರೆಸಲು ಕನ್ನಡಕ ತೆಗೆದಳು. ಒರೆಸುವುದನ್ನು ಮರೆತು ಹಾಗೇ ನಿಂತಳು.

'ಅಪ್ಪಾ, ತೆಗೆದ್ರೆ ಇನ್ನೂ ಜಾಸ್ತಿ ಲೈಟು!'

ನಾನೂ ತೆಗೆದೆ. ಬತ್ತಾಸುಗಳು ಅಲ್ಲೇ ಇದ್ದವು, ಈಗ ಇನ್ನೂ ದೊಡ್ಡವಾಗಿವೆ. ಇಬ್ಬರೂ ಕನ್ನಡಕ ಕೈಯಲ್ಲಿ ಹಿಡಿದು ಬಾಯಿ ಬಿಟ್ಟುಕೊಂಡು ಎಷ್ಟು ಹೊತ್ತು ನಿಂತೆವೋ. ಹಿಂದಿನಿಂದ ಹೆಂಡತಿ ಇಬ್ಬರ ರಟ್ಟೆಯನ್ನೂ ಹಿಡಿದುಕೊಂಡಳು.

'ರೀ, ಹಾಕ್ಕೊಳ್ಳಿ ಇಬ್ರೂ. ರಸ್ತೆ ದಾಟ್ಬೇಕು.'