ಪರದೆಗಿಂತ ಮೊದಲು ಪೆಟ್ಟಿಗೆ, ಗೆರೆ
ಆ್ಯಪ್‌ನ ಪರದೆ ಬಿಡಿಸೋ ಮುಂಚೆ ಪರಿಕಲ್ಪನಾ ಮಾದರಿ (ಅದರಲ್ಲಿ ಏನೇನಿದೆ, ಒಂದಕ್ಕೊಂದು ಏನು ಸಂಬಂಧ ಅನ್ನೋ ನಕ್ಷೆ) ಬರೆದುಕೊಳ್ಳಿ ಅಂತ ನಿಮ್ಮ ಲೇಖನದಲ್ಲಿ ಅಂದಿದ್ದೀರಿ, ಒಪ್ಪಿದೆ. ಅಲ್ಲಿ ಕೊಟ್ಟ ಉದಾಹರಣೆ ಮಾತ್ರ ತೀರಾ ಪಠ್ಯಪುಸ್ತಕದ ಥರ ಆಯ್ತು, ದಿನಬಳಕೆಯದ್ದು ಬೇಕಿತ್ತು. ರೈಲ್ವೆ ಟಿಕೆಟ್ಟನ್ನೇ ನೋಡಿ: 10 ಅಂಕಿಯ ಒಂದು ಪಿಎನ್‌ಆರ್ (ಬುಕಿಂಗ್ ಸಂಖ್ಯೆ), ಅದರಡಿ 6 ಜನರವರೆಗೆ. ಆದರೆ ಸ್ಟೇಟಸ್ಸು ತಲೆಗೊಂದು. ನಾಲ್ವರಲ್ಲಿ ಇಬ್ಬರಿಗೆ ಬರ್ತ್ ಸಿಕ್ಕಿ ಇನ್ನಿಬ್ಬರು ವೇಟಿಂಗ್ ಲಿಸ್ಟಲ್ಲಿ ಉಳಿಯೋದು ಅದಕ್ಕೇ. ನಾವು ಬಸ್ ಬುಕಿಂಗ್ ಆ್ಯಪ್ ಮಾಡುವಾಗ ಸ್ಟೇಟಸ್ಸನ್ನು ಟಿಕೆಟ್ಟಿಗೇ ಅಂಟಿಸಿಬಿಟ್ಟಿದ್ವಿ. ಅಜ್ಜಿಯ ಸೀಟು ರದ್ದು ಮಾಡಿದ್ರೆ ಇಡೀ ಮನೆಯವರೇ ಬಸ್ಸಿಂದ ಇಳೀತಿದ್ರು! ಬಣ್ಣ, ಬಟನ್ ಎಲ್ಲ ಚೆಂದವೇ ಇತ್ತು ಬಿಡಿ. ಕೊನೆಗೆ ಬೋರ್ಡ್ ಮೇಲೆ ಟಿಕೆಟ್, ಪ್ರಯಾಣಿಕ, ಸೀಟು ಅಂತ ಮೂರು ಪೆಟ್ಟಿಗೆ ಬರೆದು ಗೆರೆ ಎಳೆದಾಗ ಹತ್ತೇ ನಿಮಿಷದಲ್ಲಿ ತಪ್ಪು ಸಿಕ್ತು. ಸರಿಪಡಿಸೋಕೆ ಮೂರು ವಾರ ಹಿಡೀತು.