ಗೊತ್ತಿಲ್ಲದವರಿಗಿಂತ ಗೊತ್ತಿರುವವರ ಬಗ್ಗೆ ಹೇಳಿ

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪಾಠದ ಬಗೆಗಿನ ನಿಮ್ಮ ಬರಹದಲ್ಲಿ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮೊದಲು 'ಗೊತ್ತಿಲ್ಲದವರ ಹತ್ತಿರ ಹೋಗಬೇಡಿ' ಅಂತ ಕಲಿಸಬೇಕು ಎಂದು ಬರೆದಿದ್ದೀರಿ. ಬೇಕು, ಒಪ್ಪುತ್ತೇನೆ. ಆದರೆ ಇಂಥ ದೌರ್ಜನ್ಯ ಮಾಡುವವರಲ್ಲಿ ಜಾಸ್ತಿ ಜನ ಮಗುವಿಗೆ ಗೊತ್ತಿರುವವರೇ. ನೆಂಟರು, ಮನೆಗೆ ಬಂದು ಹೋಗುವವರು, ಪಾಠ ಹೇಳುವವರು. ಆಗ ಮಗು ಯಾರಿಂದ ಓಡಬೇಕು?

ಗುಟ್ಟಿನ ವಿಷಯ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದೇ ಮುಖ್ಯ ಅನಿಸುತ್ತದೆ. ದೌರ್ಜನ್ಯ ಮಾಡುವವರು ಎಷ್ಟೋ ಸಲ ಸಣ್ಣ ಗುಟ್ಟಿನಿಂದಲೇ ಶುರು ಮಾಡುತ್ತಾರೆ. 'ಚಾಕೊಲೇಟ್ ಕೊಟ್ಟಿದ್ದು ಅಮ್ಮನಿಗೆ ಹೇಳಬೇಡ' ಅನ್ನುತ್ತಾರೆ. ಮಗು ಬಾಯಿ ಬಿಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದಿನ ಹೆಜ್ಜೆ. ಹುಟ್ಟುಹಬ್ಬದ ಉಡುಗೊರೆ ಮುಚ್ಚಿಡುವುದು ಬೇರೆ, ಅದು ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ. ಯಾವತ್ತೂ ಯಾರಿಗೂ ಹೇಳಬಾರದು ಎನ್ನುವ ಗುಟ್ಟೇ ಬೇರೆ. 6 ವರ್ಷದ ಮಗುವಿಗೂ ಈ ವ್ಯತ್ಯಾಸ ಅರ್ಥವಾಗುತ್ತದೆ.

ಶಾಲೆಯಲ್ಲಿ 'ಬೇಡ ಅನ್ನು' ಎಂದು ಕಲಿಸಿ, ಮನೆಯಲ್ಲಿ 'ಮಾಮನಿಗೆ ಮುತ್ತು ಕೊಡು, ನಾಚಿಕೆ ಯಾಕೆ' ಅಂತ ಒತ್ತಾಯ ಮಾಡಿದರೆ ಪಾಠ ನೀರುಪಾಲು ಅಲ್ವಾ? (ನೆಂಟರು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ ಬಿಡಿ.) ಹೆದರಿ ಸುಮ್ನೆ ನಿಂತುಬಿಟ್ಟರೂ ತಪ್ಪು ಮಗುವಿನದಲ್ಲ ಎಂಬುದನ್ನೂ ಪಾಠದಲ್ಲಿ ಸೇರಿಸಿ. ತಿಂಗಳುಗಳ ನಂತರ ಬಂದು ಹೇಳಿದರೂ 'ಆಗಲೇ ಯಾಕೆ ಹೇಳಲಿಲ್ಲ' ಎಂದು ಗದರಬೇಡಿ.